ಬುಗುರಿಯ ಮೂಗು

ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದಂದಿನಿಂದ ಪಂಕಜಾಕ್ಷಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ತಾನೆಲ್ಲಿ ನಾರುತ್ತಿದ್ದೇನೋ ಎಂಬ ಅಳುಕಿಗೆ ಹೊತ್ತುಹೊತ್ತಿಗೂ ಸ್ನಾನ ಮಾಡುತ್ತಿದ್ದಳು. ಬಸ್ಸಿನಲ್ಲಿ ಯಾರ ಪಕ್ಕದಲ್ಲೂ ಕೂರುತ್ತಿರಲಿಲ್ಲ.

ಇಂಥವರಿಗೆಲ್ಲ ಆಸ್ಪತ್ರೆಯವರು ನಾಯಿ ಕೊಡುತ್ತಿದ್ದರು. ಕೊನೆಗೂ ಅವಳ ಸರದಿ ಬಂದು, ಬುಗುರಿ ಎಂಬ ನಾಯಿ ಮನೆಗೆ ಬಂತು. ಬಂದ ಗಳಿಗೆಯಿಂದ ಅವಳ ಕಾಲು ಬಿಡಲಿಲ್ಲ. ಅದರ ಕೊರಳಿಗೊಂದು ಗುಂಡಿ, ಅವಳ ಕಿವಿಯ ಹಿಂದೊಂದು ಗುಂಡಿ. ಅದು ಮೂಸಿದ್ದೆಲ್ಲ, ಅದಕ್ಕೆ ಹೇಗನಿಸುತ್ತೋ ಹಾಗೇ, ಇನ್ನು ಅವಳಿಗೂ ತಿಳಿಯುತ್ತದೆ.

ಕಿವಿಯ ಹಿಂದಿನ ಗುಂಡಿ ಒತ್ತಿದಳು. ಅಬ್ಬಾ!

"ರೀ, ಪಕ್ಕದ ಮನೇಲಿ ಮೆಂತ್ಯ ಹುರೀತಿದಾರೆ! ನೀವು ಮತ್ತೆ ಬೀಡಿ ಸೇದಿದೀರಿ!"

ಅವಳ ಸ್ನಾನಕ್ಕೆಂದು ಗೀಸರ್ ಹಾಕುತ್ತಿದ್ದ ಗಂಡ ಚನ್ನಕೇಶವ ಗಬಕ್ಕನೆ ಜೇಬು ಮುಚ್ಚಿಕೊಂಡ.

ಅಷ್ಟರಲ್ಲಿ ಎಲ್ಲವನ್ನೂ ಮೀರಿಸಿ ಬೆಚ್ಚನೆಯದೊಂದು ಪರಿಮಳ ಬಂತು. ಅಡುಗೆಮನೆಗೆ ಓಡಿದಳು, ಅಲ್ಲೂ ಅದೇ. ಹಿತ್ತಿಲಿಗೆ ಓಡಿದಳು, ಅಲ್ಲೂ ಅದೇ. ಬುಗುರಿ ಬಾಲ ಆಡಿಸುತ್ತ ಬೆನ್ನಿಗೇ ಇತ್ತು.

"ಏನೇ ಹುಡುಕ್ತಿದೀಯ?"

"ಏನೋ ಘಮ್ಮಂತಿದೆ ಕಣ್ರೀ! ಹುಟ್ಟಿದಾಗಿಂದ ಇಂಥದ್ದು ಮೂಸೇ ಇಲ್ಲ. ಎಲ್ಲಿಂದ ಅಂತ ಗೊತ್ತಾಗ್ತಿಲ್ಲ!"

ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕೂತಳು. ಬುಗುರಿ ಅವಳ ಕುತ್ತಿಗೆಗೆ ಮೂತಿಯೊತ್ತಿ ಆಸೆಯಿಂದ ಉಸಿರೆಳೆದುಕೊಂಡಿತು. ಅದೇ ಪರಿಮಳ ಉಕ್ಕಿ ಬಂದು ಅವಳ ತಲೆಯನ್ನೆಲ್ಲ ತುಂಬಿತು.

ಪಂಕಜಾಕ್ಷಿ ಬೆರಗಾಗಿ ತನ್ನ ಕೈಯನ್ನೇ ನೋಡಿಕೊಂಡಳು. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ರೀ, ಗೀಸರ್ ಆರಿಸ್ರೀ!"