ಡಿಕ್ಕಿಯೊಳಗಿನ ಕಲ್ಲು

ಡಿಕ್ಕಿ ಜಪ್ಪಯ್ಯ ಎನ್ನಲಿಲ್ಲ. ವಿಠ್ಠಲರಾಯರು ಕೀಲಿ ತಿರುಗಿಸಿದರು, ಎಳೆದರು, ಮುಷ್ಟಿಯಿಂದ ಗುದ್ದಿದರು. ಕೀಲಿ ತಿರುಗುತ್ತಿತ್ತು, ಒಳಗಿನ ಚಿಲಕ ಮಾತ್ರ ಬಿಡುತ್ತಿರಲಿಲ್ಲ. ಮಳಖೇಡದ ಕಾಗಿಣಾ ದಂಡೆಯ ಮೇಲೆ ಬಿಸಿಲು ಏರುತ್ತಿತ್ತು. ಬಾಳೆಲೆಯ ಮೇಲಿಟ್ಟ ಪಿಂಡದ ಅನ್ನ ಒಣಗತೊಡಗಿತ್ತು.

ಪುರೋಹಿತರಾದ ಸುಮಧ್ವಾಚಾರ್ಯರು ಒದ್ದೆ ಪಂಚೆಯಲ್ಲಿ ನಿಂತು ಚಡಪಡಿಸುತ್ತಿದ್ದರು. ಹತ್ತನೆಯ ದಿನದ ಕರ್ಮ ಅದು. ಹೋದ ಜೀವ ಹತ್ತು ದಿನ ಒಂದು ಕಲ್ಲಿನಲ್ಲಿ ನೆಲೆಸಿರುತ್ತದೆ. ದಿನವೂ ಆ ಕಲ್ಲಿಗೆ ಎಳ್ಳುನೀರು ಬಿಟ್ಟು, ಹತ್ತನೆಯ ದಿನ ಮಧ್ಯಾಹ್ನದೊಳಗೆ ಹೊಳೆಗೆ ಹಾಕಬೇಕು. ಆಗಲೇ ಜೀವಕ್ಕೆ ಬಿಡುಗಡೆ. ಕಲ್ಲನ್ನು ಮನೆಯೊಳಗೆ ತರುವಂತಿಲ್ಲ. ಅದಕ್ಕೇ ರಾಯರು ಅದನ್ನು ಬಟ್ಟೆಯಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿ ಇಟ್ಟಿದ್ದರು. ನಿನ್ನೆಯವರೆಗೂ ನೆಟ್ಟಗಿದ್ದ ಡಿಕ್ಕಿ ಶಹಾಬಾದಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಕಚ್ಚಿಕೊಂಡಿತ್ತು.

ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಬಹಳ ಹಿಂದೆ ರಾಯರ ತಂದೆ ಒಬ್ಬ ಇಂಗ್ಲಿಷ್ ಇಂಜಿನಿಯರನಿಂದ ಕೊಂಡದ್ದಂತೆ.

ರಾಯರು ಜಾಕಿನ ರಾಡು ಎತ್ತಿದರು. ಹೆಂಡತಿ ನರ್ಮದಾಬಾಯಿ ಅಡ್ಡ ಬಂದರು.

"ಒಡೀಬ್ಯಾಡ್ರಿ. ಶುಭಾನ ಜೀವ ಅದ ಈ ಗಾಡಿ ಮ್ಯಾಲ."

ಶುಭಾ ಅವರ ಒಬ್ಬಳೇ ಮಗಳು. ಇಂದಿನ ಕರ್ಮ ಅವಳದ್ದೇ. 'ಜೀವ ಇತ್ತು' ಎನ್ನಲು ತಾಯಿಗೆ ಬಾಯಿ ಬಂದಿರಲಿಲ್ಲ. ಹೋದ ವರ್ಷ ಆಚಾರ್ಯರ ಮಗಳು ಪ್ರಮಿತಾ ಕಾಮಾಲೆಯಿಂದ ತೀರಿಹೋಗಿದ್ದಳು. ಅವಳ ಕಲ್ಲನ್ನು ಅವರೇ ಇದೇ ನೀರಿಗೆ ಬಿಟ್ಟಿದ್ದರು. ಅವರ ಹೆಂಡತಿ ಇಂದಿಗೂ ಸಂತೆಯಲ್ಲಿ ನಿಂತು, ಪ್ರಮಿತಾಗ ಬದನೆಕಾಯಿ ಸೇರೂದಿಲ್ಲ ಎನ್ನುತ್ತಾಳೆ.

ಅದಕ್ಕೇ ರಾಯರು ಮೊನ್ನೆ ಸೇಡಂಗೆ ಹುಡುಕಿಕೊಂಡು ಬಂದಾಗ ಆಚಾರ್ಯರು ಇಲ್ಲ ಎನ್ನಲಿಲ್ಲ. ಮೊದಲಿನ ಪುರೋಹಿತರು ನಡುವೆ ಬಿಟ್ಟುಹೋದರು ಎಂದಷ್ಟೇ ರಾಯರು ಹೇಳಿದ್ದರು. ಯಾಕೆಂದು ಇವರು ಕೇಳಲಿಲ್ಲ. ಮಗಳಿಗೆ ಏನಾಗಿತ್ತೆಂದೂ ಕೇಳಲಿಲ್ಲ. ಪ್ರಮಿತಾ ಹೋದಾಗ ಬಂದವರೆಲ್ಲ ಅದನ್ನೇ ಕೆದಕಿ ಕೆದಕಿ ಕೇಳಿದ್ದು ಅವರ ಎದೆಯಲ್ಲಿ ಇನ್ನೂ ಹಸಿಯಾಗಿತ್ತು.

ನರ್ಮದಾಬಾಯಿ ದೂರ ಹೋಗಿ ಫೋನ್ ಮಾಡಿ ಬಂದರು. ಕೋಡ್ಲಾದ ಗ್ಯಾರೇಜಿನವರು ಬರುತ್ತಾರೆ ಎಂದರು.

"ಯಾರನ್ನ ಕರದಿ?" ರಾಯರ ದನಿ ಬಿರುಸಾಗಿತ್ತು.

ಆಕೆ ದರ್ಭೆ ಜೋಡಿಸುತ್ತ ಕುಳಿತರು.

ಸ್ಕೂಟಿಯ ಮೇಲೆ ಬಂದಿಳಿದವಳು ಒಬ್ಬ ಯುವತಿ. ಹೆಗಲಲ್ಲಿ ಪಾನೆ-ಸ್ಪ್ಯಾನರುಗಳ ಚೀಲ. ಅಂಗೈಯಲ್ಲಿ ಮಾಸುತ್ತಿದ್ದ ಮದರಂಗಿ, ಅದರ ಮೇಲೆ ಗ್ರೀಸು. ಅವಳು ನರ್ಮದಾಬಾಯಿಯ ಕಡೆ ನೋಡಿದಳು. ಆಕೆ ತಲೆ ಎತ್ತಲಿಲ್ಲ. ಮೆಕ್ಯಾನಿಕ್ ಎಲ್ಲಿ ಎಂದು ಆಚಾರ್ಯರು ಕೇಳಿದರು.

"ನಾನೇ ರೀ. ಗ್ಯಾರೇಜು ನಮ್ಮ ಮನಿಯವರದು."

"ಮತ್ತ ಅವರೇನು ಮನ್ಯಾಗ ಚಹಾ ಮಾಡ್ಲಿಕತ್ತಾರೇನು?"

"ಅದನ್ನೂ ಇನ್ನ ನಾನೇ ಕಲಿಸಬೇಕ್ರಿ. ಲಗ್ನಾಗಿ ಇನ್ನೂ ಹತ್ತು ದಿನ ರೀ."

ಅವಳು ಕೀಲಿಯ ಕಡೆ ನೋಡಲೇ ಇಲ್ಲ. ನೇರ ಕಾರಿನೊಳಗೆ ಹೋಗಿ, ಸೀಟು ಮುಂದಕ್ಕೆ ತಳ್ಳಿ, ಅದರ ಹಿಂದಿನ ಹಲಗೆ ಬಿಚ್ಚಿ, ಹೆಗಲವರೆಗೂ ಕೈ ತೂರಿಸಿದಳು. ಚಿಲಕದ ತಂತಿ ಜಾರಿದೆ, ಯಾರಾದರೂ ಡಿಕ್ಕಿಯನ್ನು ಮೇಲಿನಿಂದ ಒತ್ತಿ ಹಿಡಿಯಬೇಕು ಎಂದಳು. ರಾಯರು ಹೊಳೆಯ ಕಡೆ ಮುಖ ಮಾಡಿ ಕಲ್ಲಿನಂತೆ ನಿಂತಿದ್ದರು. ಮಗಳ ಗಾಡಿಯನ್ನು ಇನ್ನೊಬ್ಬರು ಮುಟ್ಟುವುದನ್ನು ನೋಡಲಾರರು ಎಂದುಕೊಂಡು ಆಚಾರ್ಯರೇ ಹೋಗಿ ಒತ್ತಿ ಹಿಡಿದರು.

"ಒಳಗ ಅಂಥಾದ್ದೇನದ್ರಿ, ಇಷ್ಟು ಅವಸರ?" ಸೀಟಿನ ಹಿಂದಿನಿಂದ ದನಿ ಬಂತು.

ಆಚಾರ್ಯರು ರಾಯರಿಗೆ ಕೇಳಿಸದಂತೆ ಮೆಲ್ಲಗೆ ಹೇಳಿದರು. ಇವರ ಮಗಳು ತೀರಿಹೋಗಿದ್ದಾಳೆ, ಒಳಗಿರುವುದು ಅವಳ ಕಲ್ಲು, ಇಂದು ಬಿಡದಿದ್ದರೆ ಆ ಜೀವ ದಾರಿ ಸಿಗದೆ ಅಲೆಯುತ್ತದೆ.

ತಂತಿ ಎಳೆಯುತ್ತಿದ್ದ ಪಕ್ಕಡದ ಸದ್ದು ನಿಂತಿತು.

"ಹೆಂಗ ಸತ್ಲಂತ್ರಿ?"

"ಕೇಳಿಲ್ಲವ್ವಾ. ಮಗಳನ್ನ ಕಳಕೊಂಡವರಿಗೆ ಅದನ್ನ ಕೇಳಬಾರದು."

ಪಕ್ಕಡ ಮತ್ತೆ ಆಡಲಿಲ್ಲ. ಕೆಲಸ ಕೈಗೆ ಹತ್ತಲಿಲ್ಲವೇನೋ ಎಂದು ಆಚಾರ್ಯರು ಅಳುಕಿದರು. ಅವರ ಅಂಗೈ ಬಿಸಿ ತಗಡಿನ ಮೇಲೆ ಸುಡುತ್ತಿತ್ತು.

"ಆಗ್ತದೇನವ್ವಾ? ಹೊತ್ತು ಏರ್ಲಿಕತ್ತದ. ಆ ಕೂಸು ಕಾಯ್ಲಿಕತ್ತದ."

"ಆಗ್ತದ್ರಿ," ಎಂದಳು ಅವಳು. "ಗಟ್ಟಿ ಹಿಡೀರಿ."

ಟಕ್ ಎಂದಿತು. ಡಿಕ್ಕಿ ಅವರ ಕೈಗಳನ್ನು ಎತ್ತಿಕೊಂಡೇ ಮೇಲೆದ್ದಿತು.

ಅವಳು ಹೊರಬಂದು, ಯಾರೂ ಕೈಹಾಕುವ ಮೊದಲೇ ಬಟ್ಟೆಯ ಗಂಟು ಎತ್ತಿಕೊಂಡಳು. ರಾಯರ ಮುಂದೆ ಹೋಗಿ ಚಾಚಿದಳು. ರಾಯರು ಕೈ ನೀಡಲಿಲ್ಲ.

"ಕೆಳಗಿಡು," ಎಂದರು, ಹೊಳೆಗೆ ಹೇಳುವಂತೆ.

ಆಚಾರ್ಯರಿಗೆ ಕಸಿವಿಸಿಯಾಯಿತು. ಮಡಿ ಇರಲಿ, ಸ್ವಂತ ಮಗಳ ಕರ್ಮದ ದಿನ ಇನ್ನೊಬ್ಬರ ಮಗಳಿಗೆ ಇಷ್ಟು ನೋಯಿಸಬಹುದೇ? ನರ್ಮದಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಆಚಾರ್ಯರು ತಾವೇ ಮುಂದೆ ಬಂದು ಬೊಗಸೆಯೊಡ್ಡಿದರು. ಅಂಥ ಗಂಟು ಎಷ್ಟು ಹಗುರವೆಂದು ಅವರು ಮರೆತಿದ್ದರು. ಕಣ್ಣು ತುಂಬಿ ಬಂತು.

"ನಿನ್ನಿಂದ ಒಂದು ಜೀವಕ್ಕ ದಾರಿ ಆತು. ಭಾಳ ದಿನ ಬಾಳು, ತಾಯಿ. ಹೆಸರೇನು ನಿಂದು?"

"ಶುಭಾ ರೀ. ಡಿಕ್ಕಿ ತೆಗಿ ಬಾ ಅಂತ ಅಮ್ಮ ಕರದ್ಲು. ಒಳಗ ನಾನೇ ಇದ್ದೀನಂತ ಹೇಳಲಿಲ್ಲ."