ಹೆಣ್ಣು ನೋಡುವ ದಿನದ ಊದುಬತ್ತಿ

ಇಲ್ಲದ್ದನ್ನು ಹೇಳಿದರೆ ಬಾಯಿಂದ ವಾಸನೆ ಹೊರಡುವ ಕಾಲ ಅದು. ಹಾಗಾಗಿ ಆ ವಾಸನೆ ಮುಚ್ಚಿಹೋಗದಿರಲೆಂದು ಹೆಣ್ಣು ನೋಡುವ ದಿನ ಯಾರ ಮನೆಯಲ್ಲೂ ಊದುಬತ್ತಿ ಹಚ್ಚುತ್ತಿರಲಿಲ್ಲ, ಹುಡುಗಿ ಮಲ್ಲಿಗೆ ಮುಡಿಯುತ್ತಿರಲಿಲ್ಲ. ಆದರೂ ಅಪ್ಪ ಬೆಳಿಗ್ಗೆಯೇ ಒಂದು ಕಟ್ಟು ಊದುಬತ್ತಿ ಹಚ್ಚಿಟ್ಟಿದ್ದ. ಪಾಪ, ಮರೆತಿರಬೇಕು ಅಂದುಕೊಂಡು ನಾಗವೇಣಿ ಅದನ್ನು ನೀರಿಗದ್ದಿ ಆರಿಸಿದಳು.

ಗಂಡಿನ ಕಡೆಯವರು ಬಂದು ಕೂತರು. ಹುಡುಗ ಕೊಟ್ರೇಶ ಒಂದೇ ಪಂಕ್ತಿಯಲ್ಲಿ ನಲವತ್ತು ಹೋಳಿಗೆ ತಿಂದಿದ್ದನ್ನು ಹೇಳಿದಾಗ ಕರಿದ ಎಣ್ಣೆಯ ಕಮಟು ಬಂತು. ಬುರುಡೆ. ಗಂಡಸರಿಗೆ ಅದು ಇದ್ದದ್ದೇ. ಅವನ ಅಜ್ಜಿ ತಮ್ಮ ಮೂಲಪುರುಷ ಹುಲಿ ಏರಿ ಬಂದ ಐತಿಹ್ಯ ಹೇಳಿದಾಗ ಹಳೇ ಪೆಟ್ಟಿಗೆಯ ಕರ್ಪೂರದ ಘಮ ಹರಡಿತು. ಅದೂ ಹಿತವೇ.

ಆಮೇಲೆ ಅವನ ತಾಯಿ ಕಣ್ಣೊರೆಸಿಕೊಂಡು, "ಇವನ ಮೊದಲನೇ ಹೆಂಡತಿ ಕಾಲು ಜಾರಿ ಬಾವಿಗೆ ಬಿದ್ದಳು ನೋಡವ್ವ" ಅಂದಳು.

ಬೀರುವಿನ ಹಿಂದೆ ಇಲಿ ಸತ್ತು ಕೊಳೆತಂಥ ನಾತ! ಕಟ್ಟುಕತೆ. ಬಂದವರು ಮಾತ್ರ ಏನೂ ಆಗದವರಂತೆ ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಥೂ, ಆ ನಾತದಲ್ಲಿ ಹೇಗಾದರೂ ಗಂಟಲಲ್ಲಿ ಇಳಿಯುತ್ತದೋ!

ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಅಪ್ಪನ ಕಡೆ ನೋಡಿದಳು.

"ಏನೋ ಚೂರು ಬುರುಡೆ ಬಿಡವ್ವ," ಅಂದ ಅಪ್ಪ. "ಈ ವಿಷಯ ನನಗೂ ಈಗಲೇ ಗೊತ್ತಾಗಿದ್ದು. ಕಾಫಿ ಕೊಡು."

ಅಪ್ಪನ ಬಾಯಿಂದಲೂ ಅದೇ ಸತ್ತ ಇಲಿಯ ನಾತ ಬಂತು.

ನಾಗವೇಣಿ ಕಾಫಿ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು.

"ಊದುಬತ್ತಿ ಮರೆತು ಹಚ್ಚಿದ್ದೇನಪ್ಪಾ?"

ಅಪ್ಪ ಅಂಗೈಯಿಂದ ಬಾಯಿ ಮುಚ್ಚಿಕೊಂಡ.