ವಾಸನೆ ಕಡಿತ

ಈ ಲೋಕವೆಲ್ಲ ಕಂಪ್ಯೂಟರಿನೊಳಗಿನ ಲೆಕ್ಕವೆಂದು ತಿಳಿದು ಹತ್ತು ವರ್ಷವಾಗಿತ್ತು. ಆ ಕಂಪ್ಯೂಟರಿಗೆ ಹೊರೆಯಾಗದಿರಲೆಂದು ಪ್ರತಿ ಮಂಗಳವಾರ ಸಂಜೆ ನಾಲ್ಕರವರೆಗೆ ಬೀದಿಯಲ್ಲಿ, ಕರೆಂಟು ಕಡಿತದ ಹಾಗೆ, ವಾಸನೆ ಕಡಿತ.

ಆ ಮಂಗಳವಾರ ಮಧ್ಯಾಹ್ನ ವನಮಾಲಳ ಆರು ವರ್ಷದ ಮಗಳು ಬಿಂದು ತಟ್ಟೆ ದೂಡಿ ಕೂತಿದ್ದಳು. ಶಾಲೆಯಲ್ಲಿ ಈ ಪಾಠ ಕೇಳಿ ಬಂದ ಮೇಲೆ ಎರಡು ದಿನದಿಂದ ಅವಳು ಅನ್ನ ಮುಟ್ಟಿರಲಿಲ್ಲ.

“ಎಲ್ಲಾ ಸುಳ್ಳಂತಲ್ಲಮ್ಮ. ಅನ್ನಾನೂ ಸುಳ್ಳೇ ತಾನೆ?”

“ಮಗೂಗೆ ಯಾರದೋ ದೃಷ್ಟಿ ತಾಗಿದೆ ಕಣೇ,” ಎಂದರು ಅತ್ತೆ. “ವಾಸನೆ ಬರ್ಲಿ, ತೆಗೀತೀನಿ. ಈಗ ತೆಗೆದ್ರೆ ಹೋಯ್ತೋ ಇಲ್ವೋ ತಿಳಿಯೋದು ಹೇಗೆ?”

ಸುಟ್ಟ ಮೆಣಸಿನಕಾಯಿ ಘಾಟು ಬಿಡದಿದ್ದರೆ ದೃಷ್ಟಿ ಇದ್ದದ್ದು ನಿಜ, ಅದು ಹೋದದ್ದೂ ನಿಜ ಎಂದು ಅವರ ನಂಬಿಕೆ.

ನಾಲ್ಕು ಹೊಡೆಯುತ್ತಲೇ ಪಕ್ಕದ ಮನೆಯ ಒಗ್ಗರಣೆ ಘಮ್ಮೆಂದಿತು. ಅತ್ತೆ ಉಪ್ಪು, ಮೆಣಸಿನಕಾಯಿಯನ್ನು ಬಿಂದುವಿಗೆ ಮೂರು ಸಲ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಮನೆತುಂಬ ಎದ್ದಿತು. ವನಮಾಲ ಕೆಮ್ಮುತ್ತ ಸೆರಗಿನಿಂದ ಮೂಗು ಮುಚ್ಚಿದಳು. ಅತ್ತೆ ಮಾತ್ರ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕೆಮ್ಮು ತಡೆದು ನಿಂತರು.

“ನೋಡಿದ್ಯಾ ಪುಟ್ಟಿ, ಒಂಚೂರೂ ಘಾಟಿಲ್ಲ. ದೃಷ್ಟಿ ಪೂರ್ತಿ ಹೋಯ್ತು.”

ಬಿಂದು ಕೆಮ್ಮುತ್ತಲೇ ನಕ್ಕುಬಿಟ್ಟಳು. “ಅಜ್ಜೀ, ಇದು ಸುಳ್ಳು.”

ನಗಲು ತೆರೆದ ಆ ಬಾಯಿಗೆ ವನಮಾಲ ತಡಮಾಡದೆ ಒಂದು ತುತ್ತು ಮೊಸರನ್ನ ಇಟ್ಟಳು. ಬಿಂದು ಅದನ್ನು ನುಂಗಿ, ಇನ್ನೊಂದಕ್ಕೆ ಬಾಯಿ ತೆರೆದಳು.